ಬೆನ್ನು ತೋರಿಸದೆ ಹಿಂದಕ್ಕೆ

ಅವರು ತೀರಿಕೊಂಡ ಮೂರನೆಯ ದಿನ ಟೇಕಲ್ ಹತ್ತಿರದ ಅವರ ಊರಿಗೆ ಹೋಗಿದ್ದೆ. ಜಗುಲಿಯ ಮೇಲೆ ಕೂತಿದ್ದ ವಯಸ್ಸಾದ ಯಜಮಾನರೊಬ್ಬರು ನನ್ನ ಇಸ್ತ್ರಿ ಅಂಗಿಯನ್ನೂ ಕಂಕುಳಲ್ಲಿದ್ದ ಬ್ಯಾಗನ್ನೂ ನೋಡಿ, ನಿಮಗೆ ಅವರು ಏನಾಗಬೇಕು ಎಂದು ಕೇಳಿದರು. ನಾನು ಅವರ ಜೊತೆ ಮಿಲಿಟರಿಯಲ್ಲಿದ್ದವನಲ್ಲ, ಬೀಗನಲ್ಲ, ಅವರು ಕೆಲಸ ಮಾಡುತ್ತಿದ್ದ ಕಂಪನಿಯವನೂ ಅಲ್ಲ. "ಪರಿಚಯ" ಅಂದೆ. ಯಜಮಾನರು ತಲೆಯಾಡಿಸಿ ಕಾಫಿ ಕೊಡಿಸಿದರು. ಆ ಮಾತು ಅವತ್ತಿನಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ನಿಜ ಹೇಳಬೇಕೆಂದರೆ ಆರು ವರ್ಷ ಆ ಮನುಷ್ಯನನ್ನು ಒಂದು ಶೆಡ್ಡಿನಿಂದ ಎಬ್ಬಿಸುವುದು ನನ್ನ ಕೆಲಸವಾಗಿತ್ತು. ಮಾಲೂರಿನಲ್ಲಿ ಹಳೆಯ ಹೆಂಚಿನ ಕಾರ್ಖಾನೆಯೊಂದನ್ನು ಮುಚ್ಚಿ ಸೈಟು, ಗೋಡೌನು ಅಂತ ವ್ಯವಹಾರಕ್ಕೆ ಇಳಿದ ಸಾಹುಕಾರರ ಆಫೀಸಿನಲ್ಲಿ ನಾನು ಮ್ಯಾನೇಜರು. ದಿನಾ ಕೋಲಾರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಜಾಗ ಖಾಲಿ ಮಾಡಿಸುವುದರಲ್ಲಿ ನನ್ನದು ಎತ್ತಿದ ಕೈ. ಕೆಲವರು ಜಗಳಕ್ಕೆ ನಿಲ್ಲುತ್ತಾರೆ, ಅವರಿಗೆ ವಕೀಲರ ನೋಟೀಸು. ಕೆಲವರು ಕಾಲಿಗೆ ಬೀಳುತ್ತಾರೆ, ಅವರಿಗೆ ಒಂದು ತಿಂಗಳ ಗಡುವು. ಈ ಎರಡೇ ಜಾತಿಯ ಜನ ಲೋಕದಲ್ಲಿರುವುದು ಎಂದು ನಾನು ನಂಬಿದ್ದೆ. ಇವರು ಮೂರನೆಯ ಜಾತಿ.

ಮೊದಲ ಸಲ ಹೋದಾಗ ಮಧ್ಯಾಹ್ನ ನಾಲ್ಕರ ಹೊತ್ತು. ಶೆಡ್ಡಿನ ಒಳಗೆ ಎರಡು ಸಾಲು ಕಲ್ಲುಕಂಬ, ಹಸಿ ಹೆಂಚು ಒಣಗಿಸಲು ಸಾಹುಕಾರರ ಅಪ್ಪ ಹಾಕಿಸಿದ್ದ ಸಿಮೆಂಟು ನೆಲ, ಅಂಗೈಯಷ್ಟು ನುಣುಪು. ಒಂದೇ ಸಾಲಿನಲ್ಲಿ ನಾಲ್ಕು ಚಕ್ರವಿರುವ ಬೂಟು ಹಾಕಿಕೊಂಡು, ಐವತ್ತು ದಾಟಿದ ಒಬ್ಬ ಗಂಡಸು ಹಿಂದುಮುಂದಾಗಿ ಜಾರಿಕೊಂಡು ನನ್ನ ಕಡೆಗೇ ಬರುತ್ತಿದ್ದರು. ಬೆನ್ನು ನನ್ನ ಕಡೆ, ಮುಖ ಎದುರಿನಿಂದ ನುಗ್ಗಿ ಬರುತ್ತಿದ್ದ ಹುಡುಗಿಯರ ಕಡೆ. ಕೈಯಲ್ಲಿ ನೀಲಗಿರಿ ಕೋಲಿಗೆ ಪ್ಲೈವುಡ್ ತುಂಡು ಬಡಿದು ಮಾಡಿದ ಹಾಕಿ ಸ್ಟಿಕ್ಕು. ಹಿಂದೆ ತಿರುಗಿ ನೋಡದೆಯೇ ಕಂಬಗಳ ನಡುವೆ ನುಸುಳಿ, ನನ್ನಿಂದ ಒಂದು ಮೊಳ ದೂರದಲ್ಲಿ ನಿಂತರು. ಆಗಲೂ ತಿರುಗಲಿಲ್ಲ.

"ಚಪ್ಪಲಿ ಬಾಗಿಲಲ್ಲೇ ಬಿಟ್ಬಿಡಿ ಸಾರ್, ನೆಲಕ್ಕೆ ಮಣ್ಣು ಬೀಳುತ್ತೆ" ಅಂದರು.

ನಾನು ಖಾಲಿ ಮಾಡಿಸಲು ಬಂದವನು. ಆದರೂ ಹೋಗಿ ಚಪ್ಪಲಿ ಬಿಟ್ಟುಬಂದೆ. ಬೆನ್ನಿಗೂ ಕಣ್ಣಿದೆಯಾ ನಿಮಗೆ ಎಂದು ಕೇಳಿದರೆ, ಎದುರಿಗಿರುವ ಹುಡುಗಿಯರ ಮುಖ ನೋಡಿದರೆ ಹಿಂದೆ ಬಂದವರು ಯಾರು, ಎಂಥವರು ಎಂದು ತಿಳಿಯುತ್ತದೆ ಎಂದರು. ಎಂಥವನು ಎಂದು ತಿಳಿಯಿತು ಅಂತ ನಾನು ಕೇಳಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ಅವರದೇ ಸಿದ್ಧಾಂತ. ಹಾಕಿಯಲ್ಲಿ ಹಿಂದೆ ನಿಂತು ಡಿಫೆನ್ಸ್ ಆಡುವವನ ಹೆಸರು ಯಾರಿಗೂ ನೆನಪಿರಬಾರದು, ನೆನಪಿದೆ ಅಂದರೆ ಅವನೇನೋ ಎಡವಟ್ಟು ಮಾಡಿದ್ದಾನೆ ಎಂದೇ ಅರ್ಥ ಎನ್ನುತ್ತಿದ್ದರು. ಹುಟ್ಟಿದ್ದು ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳ ಊರಿನಲ್ಲಿ. ಟೇಕಲ್ ಹತ್ತಿರದ್ದು ಹೆಂಡತಿಯ ಊರು, ಆಮೇಲೆ ನೆಲೆಸಿದ್ದು ಅಲ್ಲೇ. ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದಾಗ ಲಡಾಖಿಗೆ ಹಾಕಿದ್ದರಂತೆ. ಅಲ್ಲಿ ಚಳಿಗಾಲಕ್ಕೆ ಕೆರೆಗಳು ಹೆಪ್ಪುಗಟ್ಟಿ ಕಲ್ಲಾಗುತ್ತವೆ. ಆ ಮಂಜುಗಡ್ಡೆಯ ಮೇಲೆ ಬ್ಲೇಡಿನ ಬೂಟು ಕಟ್ಟಿಕೊಂಡು ಆಡುವ ಹಾಕಿ ಕಲಿತರು. ಗೋಲು ಹೊಡೆಯುವ ಆಸೆ ಎಲ್ಲರಿಗೂ ಇತ್ತು, ಹಿಂದೆ ನಿಂತು ಕಾಯುವುದಕ್ಕೆ ಯಾರೂ ಒಪ್ಪಲಿಲ್ಲ, ಅದಕ್ಕೇ ನನಗೆ ತಂಡದಲ್ಲಿ ಜಾಗ ಸಿಕ್ಕಿತು ಎಂದು ನಗುತ್ತಿದ್ದರು. ಪಿಂಚಣಿ ಪಡೆದು ಬಂದವರು ನರಸಾಪುರದ ಒಂದು ಕಂಪನಿಯಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದರು. ಬೆಳಗಿನ ಶಿಫ್ಟು ಮುಗಿಸಿ, ಕಂಪನಿ ಬಸ್ಸಿಳಿದು ಯೂನಿಫಾರ್ಮಿನಲ್ಲೇ ಶೆಡ್ಡಿಗೆ ಬರುತ್ತಿದ್ದರು. ಸಾಹುಕಾರರ ಅಪ್ಪ ಬದುಕಿದ್ದಾಗ, ಮಕ್ಕಳು ಆಡಿಕೊಳ್ಳಲಿ ಬಿಡಿ ಎಂದು ಬಾಯಿಮಾತಿನಲ್ಲಿ ಒಪ್ಪಿದ್ದರು. ಹವಾಲ್ದಾರರಿಗಿದ್ದ ಆಧಾರ ಆ ಒಂದು ಮಾತು.

ಸುತ್ತಲಿನ ಹಳ್ಳಿಗಳ ಹದಿನೈದಿಪ್ಪತ್ತು ಹುಡುಗಿಯರು. ರಾಗಿ, ಟೊಮೆಟೊ, ಹಿಪ್ಪುನೇರಳೆ ಬೆಳೆಯುವ ಮನೆಗಳವರು. ಶಾಲೆ ಬಿಟ್ಟ ಮೇಲೆ ಬಂದು ಹಳೆಯ ಸ್ಕೇಟು ಕಟ್ಟಿಕೊಳ್ಳುತ್ತಿದ್ದರು. ಮಂಜುಗಡ್ಡೆಯ ಹಾಕಿಗೆ ಚೆಂಡಿರುವುದಿಲ್ಲ, ಪಕ್ ಎನ್ನುವ ಬಿಲ್ಲೆ ಇರುತ್ತದೆ. ಇಲ್ಲಿ ಉಪ್ಪಿನಕಾಯಿ ಡಬ್ಬಿಯ ಎರಡು ಮುಚ್ಚಳಗಳ ನಡುವೆ ಮರಳು ತುಂಬಿ ಟೇಪು ಸುತ್ತಿದರೆ ಅದೇ ಪಕ್.

ಕಲಿಸುವುದು ಮುಂದಕ್ಕೆ ಹೋಗುವುದನ್ನಲ್ಲ. ಮೊದಲ ಮೂರು ತಿಂಗಳು ಹಿಂದಕ್ಕೇ ಜಾರಬೇಕು. ಮಂಡಿ ಬಗ್ಗಿಸಿ, ಕುರ್ಚಿಯಲ್ಲಿ ಕೂತಂತೆ ಕೂತು, ಒಂದೊಂದೇ ಕಾಲಿನಿಂದ ನೆಲದ ಮೇಲೆ ಅರ್ಧಚಂದ್ರ ಬರೆಯುತ್ತಾ ಹಿಂದಕ್ಕೆ. ಯಾರಾದರೂ ಗಾಬರಿಯಾಗಿ ತಿರುಗಿ ಓಡಿದರೆ ಹವಾಲ್ದಾರರ ಬಾಯಿಂದ ತೆಲುಗು ಬರುತ್ತಿತ್ತು: "ವೆನಕ್ಕಿ ಪೋ, ವೀಪು ಚೂಪಿಂಚೊದ್ದು." ಹಿಂದಕ್ಕೆ ಹೋಗು, ಬೆನ್ನು ತೋರಿಸಬೇಡ. ಪಕ್ ಕಡೆ ನೋಡಬಾರದು, ಎದುರಾಳಿಯ ಎದೆ ನೋಡಬೇಕು. ಕಣ್ಣು ಸುಳ್ಳು ಹೇಳುತ್ತದೆ, ಕೈ ಸುಳ್ಳು ಹೇಳುತ್ತದೆ, ಎದೆ ಹೋದ ಕಡೆಗೇ ಮನುಷ್ಯ ಹೋಗುವುದು ಎನ್ನುತ್ತಿದ್ದರು. ಎದುರಾಳಿಗೂ ನಮಗೂ ನಡುವೆ ಒಂದು ಕೋಲಿನಷ್ಟು ಅಂತರ ಇರಲೇಬೇಕು. ಹೆಚ್ಚು ಬಿಟ್ಟರೆ ಅವನಿಗೆ ಧೈರ್ಯ ಬರುತ್ತದೆ, ಕಡಿಮೆ ಮಾಡಿದರೆ ಪಕ್ಕಕ್ಕೆ ಹಾರಿ ದಾಟಿಬಿಡುತ್ತಾನೆ.

ಹೊಗಳುವುದರಲ್ಲಿ ಮಾತ್ರ ಮಹಾ ಜಿಪುಣರು. ಹುಡುಗಿ ಪ್ರಾಣ ಕೊಟ್ಟು ಆಡಿದರೂ "ಪರ್ವಾಗಿಲ್ಲ" ಅಂದರೆ ಅದೇ ದೊಡ್ಡದು. ಇದೇನ್ರೀ ಮಕ್ಕಳಿಗೆ ಒಂದು ಶಹಭಾಸ್ ಅನ್ನಬಾರದೇ ಎಂದು ನಾನೇ ಒಮ್ಮೆ ರೇಗಿದ್ದುಂಟು. ಹೊಗಳಿದರೆ ಮುಂದಕ್ಕೆ ನುಗ್ಗುತ್ತಾರೆ ಎಂದರು.

ನನ್ನ ವಿಷಯಕ್ಕೆ ಬರುತ್ತೇನೆ. ಆ ಮೊದಲ ದಿನವೇ, ಸಾಹುಕಾರರಿಗೆ ಜಾಗ ಬೇಕಂತೆ ಎಂದು ಹೇಳಿದೆ. ಆಗಲಿ ಸಾರ್ ಅಂದರು. ಶೆಡ್ಡಿಗೆ ಅಂಟಿಕೊಂಡಿದ್ದ ಆಫೀಸು ಕೋಣೆಯಲ್ಲಿ ಸ್ಕೇಟುಗಳನ್ನಿಟ್ಟಿದ್ದರು, ಅದನ್ನು ಖಾಲಿ ಮಾಡಿ ಬೀಗದ ಕೈ ನನಗೆ ಕೊಟ್ಟರು. ನಾನು ಗೆದ್ದೆ ಎಂದುಕೊಂಡು ಹೋದೆ. ಆರು ತಿಂಗಳ ಮೇಲೆ ಮತ್ತೆ ಹೋದಾಗ ಮುಂದಿನ ಅಂಗಳ ಬಿಟ್ಟುಕೊಟ್ಟರು, ನಾವಲ್ಲಿ ಇಟ್ಟಿಗೆ ಪೇರಿಸಿದೆವು. ಆಮೇಲೆ ಭಾನುವಾರ ಬರುವುದಿಲ್ಲ ಎಂದರು. ಆಮೇಲೆ ಹಿಂದಿನ ಬಾಗಿಲು ಮುಚ್ಚಿಸಿಕೊಂಡರು. ಪ್ರತಿ ಸಲವೂ ಅದೇ "ಆಗಲಿ ಸಾರ್". ಪ್ರತಿ ಸಲವೂ ನಾನು ಏನೋ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಆಫೀಸಿಗೆ ಮರಳುತ್ತಿದ್ದೆ. ಸಾಹುಕಾರರು ಶೆಡ್ಡು ಖಾಲಿಯಾಯಿತಾ ಎಂದು ಕೇಳಿದಾಗಷ್ಟೇ, ಆಗಿಲ್ಲವಲ್ಲ ಎನ್ನುವುದು ನನಗೂ ಹೊಳೆಯುತ್ತಿತ್ತು.

ಹೀಗೆ ನಾಲ್ಕು ವರ್ಷ ಚಳ್ಳೆಹಣ್ಣು ತಿಂದ ಮೇಲೆ ಒಂದು ದಿನ ನನಗೆ ತಡೆಯಲಾಗಲಿಲ್ಲ. ಹೋಗಿ ಕೂಗಾಡಿದೆ. ಹುಡುಗಿಯರೆಲ್ಲ ಕಂಬಗಳ ಹಿಂದೆ ನಿಂತರು. ನಾನು ಕೂಗಿ ಮುಗಿಸಿದ ಮೇಲೆ ಹವಾಲ್ದಾರರು ತಮ್ಮದೇ ಅಳತೆಯ ಒಂದು ಜೊತೆ ಸ್ಕೇಟು ತಂದು ನನ್ನ ಕಾಲ ಬಳಿ ಇಟ್ಟು, ಒಂದು ಸಲ ಹಾಕಿಕೊಂಡು ನೋಡಿ ಎಂದರು. ಸಿಟ್ಟಿನಲ್ಲಿ ಮನುಷ್ಯ ಏನು ಬೇಕಾದರೂ ಮಾಡುತ್ತಾನೆ. ಹೊಟ್ಟೆ ಬಂದ ನಲವತ್ತೈದರ ಗಂಡಸು ಕೂತು ಲೇಸು ಕಟ್ಟಿಸಿಕೊಂಡೆ. ಎದ್ದವನು ಎರಡು ಸಲ ಬಿದ್ದೆ. ಮೂರನೆಯ ಸಲ ನಿಂತೆ. ನನ್ನ ಕೈಗೊಂದು ಕೋಲು ಕೊಟ್ಟು, ಮುಚ್ಚಳದ ಪಕ್ ಅದರ ಮುಂದಿಟ್ಟು, ಆ ತುದಿಯ ಗೋಡೆ ಮುಟ್ಟಿಸಿಬಿಟ್ಟರೆ ಇವತ್ತೇ ಬೀಗ ಕೊಟ್ಟುಬಿಡುತ್ತೇನೆ ಎಂದರು.

ನಾನು ಹೊರಟೆ. ಅವರು ನನ್ನ ಮುಂದೆ ಹಿಂದುಮುಂದಾಗಿ ಜಾರುತ್ತಿದ್ದರು. ಒಂದೇ ಕೋಲಿನ ಅಂತರ. ಕೈ ಚಾಚಲಿಲ್ಲ, ಮೈ ಮುಟ್ಟಲಿಲ್ಲ. ನನ್ನ ಎಡಕ್ಕೆ ಮಾತ್ರ ದಾರಿ ಖಾಲಿ ಇದ್ದಂತೆ ಕಂಡಿತು, ಆ ಕಡೆ ಹೋದೆ. ಇನ್ನಷ್ಟು ಎಡಕ್ಕೆ ಖಾಲಿ ಇತ್ತು, ಹೋದೆ. ಕೊನೆಗೆ ಭುಜಕ್ಕೆ ಪಕ್ಕದ ಗೋಡೆ ತಗುಲಿತು. ಮುಂದೆ ಕಂಬ, ಬಲಕ್ಕೆ ಅವರು. ಅವರು ಬಗ್ಗಿ ಕೋಲಿನ ತುದಿಯಿಂದ ಆ ಬಿಲ್ಲೆಯನ್ನು ಸುಮ್ಮನೆ ಎತ್ತಿಕೊಂಡರು.

"ನಾನು ನಿಮ್ಮನ್ನ ತಡೀಲಿಲ್ಲ ಸಾರ್. ನೀವೇ ಬಂದ್ರಿ ಗೋಡೆ ಕಡೆ" ಅಂದರು. "ಪಕ್ಕ ಎಷ್ಟ್ ಬೇಕಾದ್ರೂ ಬಿಟ್ಕೊಡ್ಬೋದು. ನಡು ಬಿಡಬಾರ್ದು. ಅಷ್ಟೇ ವಿದ್ಯೆ."

ಕೋಣೆ, ಅಂಗಳ, ಭಾನುವಾರ, ಹಿಂಬಾಗಿಲು ಎಲ್ಲವೂ ನನ್ನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ನಾಚಿಕೆಯಾಯಿತು, ನಗುವೂ ಬಂತು. ಗೋಡೆ ಹಿಡಿದುಕೊಂಡೇ, ಎಷ್ಟು ದಿನ ಅಂತ ಹೀಗೆ ಹಿಂದಕ್ಕೆ ಹೋಗುತ್ತೀರಿ, ಕೊನೆಗೆ ಸೋಲಲೇಬೇಕಲ್ಲ ಎಂದೆ. ಅದಕ್ಕೆ ಅವರು ನನ್ನ ಪಕ್ಕದಲ್ಲೇ ಗೋಡೆಗೊರಗಿ ಕೂತು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ಇಬ್ರು ನುಗ್ಗಿ ಬರ್ತಿದ್ದಾಗ ಒಬ್ಬನೇ ಇದ್ರೆ ಗೆಲ್ಲಕ್ಕಾಗಲ್ಲ ಸಾರ್. ಹೊತ್ತು ಕಳೀಬೇಕು. ಮುಂದಕ್ಕೆ ಹೋಗಿರ್ತಾರಲ್ಲ ನಮ್ಮೋರು, ಅವ್ರು ವಾಪಸ್ ಬರೋವರ್ಗೂ ನಿಂತ್ಕೊಂಡಿದ್ರೆ ಸಾಕು."

ಹೊತ್ತು ಕಳೆದು ಅವರು ಕಾಯುತ್ತಿದ್ದದ್ದು ಏನನ್ನು ಎನ್ನುವುದೂ ಅವತ್ತೇ ತಿಳಿಯಿತು. ನೆಲ ಒಂದು ತಪ್ಪಿದರೆ ಹುಡುಗಿಯರು ಚದುರಿಹೋಗುತ್ತಾರೆ. ನಾಲ್ಕು ತಿಂಗಳು ಮನೆಯಲ್ಲಿ ಕೂತರೆ ಯಾರೋ ಸಂಬಂಧ ತರುತ್ತಾರೆ, ಇಲ್ಲವೇ ಕಂಪನಿಗೆ ಸೇರಿಸುತ್ತಾರೆ, ಮತ್ತೆ ಒಬ್ಬಳೂ ಬರುವುದಿಲ್ಲ. ಇವರಲ್ಲಿ ಒಬ್ಬಳಾದರೂ ದೊಡ್ಡವಳಾಗಿ, ಬೇರೆ ನೆಲ ಕೊಡಿಸುವಷ್ಟು ಗಟ್ಟಿಯಾಗುವವರೆಗೆ ಈ ನೆಲವನ್ನು ಹಿಡಿದಿಡಬೇಕು. ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಹೇಳುವಾಗ ದನಿ ಏರಲಿಲ್ಲ, ಇಳಿಯಲೂ ಇಲ್ಲ. ಅವತ್ತಿನಿಂದ ನಾನು ಅವರನ್ನು ಒಳಗೊಳಗೇ ಮೆಚ್ಚತೊಡಗಿದೆ. ಸಂಬಳ ಕೊಡುವವರು ಸಾಹುಕಾರರು, ಹಾಗಾಗಿ ಹೊರಗೆ ತೋರಿಸಿಕೊಳ್ಳಲಿಲ್ಲ.

ಆ ಒಬ್ಬಳು ಅನಸೂಯ. ಅವರ ಮೊದಲ ತಂಡದ ಹುಡುಗಿ, ಶೆಡ್ಡಿಗೆ ಹತ್ತಿರದ ಹಳ್ಳಿಯೊಂದರ ಹಿಪ್ಪುನೇರಳೆ ತೋಟದ ಮನೆಯವಳು. ಅವಳನ್ನು ಲಡಾಖಿನಲ್ಲಿ ನಡೆದ ಐಸ್ ಹಾಕಿ ತಂಡದ ಆಯ್ಕೆ ಶಿಬಿರಕ್ಕೆ ಕರೆದಿದ್ದರು. ನಿಜವಾದ ಮಂಜುಗಡ್ಡೆಯ ಮೇಲೆ ಮೊದಲ ದಿನ ನಿಂತವಳು ಸಂಜೆ ಫೋನು ಮಾಡಿ ಅತ್ತಳಂತೆ. ಚಳಿಗಲ್ಲ, ಬಿದ್ದದ್ದಕ್ಕೂ ಅಲ್ಲ. "ಇಲ್ಲಿ ಕಂಬಾನೇ ಇಲ್ಲ ಮಾಮ, ಎದುರಿನೋರ್ನ ಯಾವ ಕಡೆಗೆ ತಳ್ಳೋದು ಅಂತ ಗೊತ್ತಾಗ್ತಿಲ್ಲ" ಅಂದಳಂತೆ. ಕಂಬ ಇದೆ ಅಂದುಕೊಂಡೇ ಆಡಮ್ಮ ಎಂದರಂತೆ ಇವರು. ಹಾಗೇ ಆಡಿದಳು. ಶಿಬಿರದಲ್ಲಿ ಅವಳನ್ನು ದಾಟಿಕೊಂಡು ನಡುವಿನಿಂದ ಹೋದವರು ಕಡಿಮೆಯಂತೆ. ತಂಡಕ್ಕೆ ಆಯ್ಕೆಯಾಗದೆ ವಾಪಸು ಬಂದರೂ, ಊರಿನವರ ಕಣ್ಣಿಗೆ ಬಿದ್ದಳು. ಎರಡು ವರ್ಷದ ಮೇಲೆ ಗ್ರಾಮ ಪಂಚಾಯ್ತಿ ಸದಸ್ಯೆಯಾದಳು.

ಸದಸ್ಯೆಯಾದವಳು ಮಾಡಿದ ಮೊದಲ ಕೆಲಸ, ಊರಿಗೆ ಒಂದು ಸಿಮೆಂಟಿನ ಒಕ್ಕಣೆ ಕಣ ಮಂಜೂರು ಮಾಡಿಸಿದ್ದು. ನಮ್ಮ ಕಡೆ ರಾಗಿ, ಹುರುಳಿ ಕೊಯ್ದು ಟಾರು ರಸ್ತೆಯ ಮೇಲೆ ಹರವಿಬಿಡುತ್ತಾರೆ, ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸುತ್ತವೆ. ಬೈಕಿನವರು ಜಾರಿ ಬಿದ್ದು ಹಲ್ಲು ಮುರಿದುಕೊಳ್ಳುತ್ತಾರೆ. ಕಣ ಬೇಕೆನ್ನುವುದಕ್ಕೆ ಯಾರದೂ ತಕರಾರಿರಲಿಲ್ಲ. ರಾಗಿ ಒಕ್ಕಣೆ ಎರಡು ಮೂರು ತಿಂಗಳು, ಉಳಿದ ವರ್ಷವಿಡೀ ನೆಲ ಖಾಲಿ. ಅಷ್ಟು ಸಾಕಾಗಿತ್ತು ಅವಳಿಗೆ.

ಅಷ್ಟರಲ್ಲಿ ನಮ್ಮ ಸಾಹುಕಾರರಿಗೆ ಗಿರಾಕಿ ಸಿಕ್ಕರು. ದೀಪಾವಳಿಯ ಹೊತ್ತಿಗೆ ಶೆಡ್ಡು ಒಡೆದು ಜಾಗ ಸಮತಟ್ಟು ಮಾಡಿ ಕೊಡಬೇಕೆಂದು ಮಾತಾಯಿತು. ಇನ್ನು ಪಕ್ಕ ಬಿಟ್ಟುಕೊಡುವ ಆಟ ನಡೆಯುವುದಿಲ್ಲ ಎಂದು ಹೇಳಲು ನಾನು ಶೆಡ್ಡಿಗೆ ಹೋದಾಗ ಅನಸೂಯಳೂ ಅಲ್ಲಿದ್ದಳು, ಮುಖ ಸಪ್ಪಗಿತ್ತು. ಕಣ ಆಗುತ್ತಿತ್ತು, ಆದರೆ ಊರ ಹಿರಿಯರು ಎರಡು ಮಾತು ಇಟ್ಟಿದ್ದರು. ಕಣ ಎಂದರೆ ಲಕ್ಷ್ಮಿ ಬರುವ ಜಾಗ, ಅಲ್ಲಿ ಮೆಟ್ಟು ಹಾಕಿಕೊಂಡು ಕಾಲಿಡುವ ಹಾಗಿಲ್ಲ. ಎರಡನೆಯದು, ಕಣದ ನಟ್ಟನಡುವೆ ಮೇಟಿ ಇರಲೇಬೇಕು. ಹಿಂದಿನ ಕಾಲದಲ್ಲಿ ಎತ್ತು ಕಟ್ಟಿ ಸುತ್ತು ಹೊಡೆಸುತ್ತಿದ್ದ ಕಂಬವದು. ಎತ್ತು ಹೋಗಿ ಟ್ರ್ಯಾಕ್ಟರು ಬಂದರೂ ಪೂಜೆ ಅದಕ್ಕೇ. ಆಡುವ ನೆಲದ ನಡುವೆ ಕಂಬ ನೆಟ್ಟರೆ ಹೇಗೆ ಮಾಮ ಎಂದು ಅವಳು ಅಳುವ ಹಾಗಿದ್ದಳು.

ಅವರು ಬಹಳ ಹೊತ್ತು ಯೋಚಿಸಲಿಲ್ಲ. "ನೆಟ್ಕೊಳ್ಲಿ ಬಿಡಮ್ಮ. ನಮ್ಗೆ ಕಂಬ ಏನ್ ಹೊಸದಾ?" ಅಂದರು.

ನಡು ಬಿಡಬಾರದು ಎಂದು ನನಗೇ ಹೇಳಿಕೊಟ್ಟವರು ನೀವು, ಈಗ ನಡುವನ್ನೇ ಬಿಟ್ಟುಕೊಡುತ್ತೀರಲ್ಲ ಎಂದು ಕೆಣಕಿದೆ. ಮೇಟಿ ನಮ್ಮ ಮೇಲೆ ನುಗ್ಗಿ ಬರುವುದಿಲ್ಲವಲ್ಲ ಸಾರ್ ಎಂದರು. ಮೆಟ್ಟಿನ ವಿಷಯಕ್ಕೆ ತಾವೇ ಹೋಗಿ ಹಿರಿಯರ ಜೊತೆ ಕೂತರು. ನೆಲಕ್ಕೆ ಚಪ್ಪಲಿ ತರಬಾರದು ಎನ್ನುವುದರಲ್ಲಿ ಅವರಿಗಿಂತ ಕಟ್ಟುನಿಟ್ಟಿನವರು ಆ ಊರಲ್ಲೇ ಇರಲಿಲ್ಲ. ಒಪ್ಪಂದವಾಯಿತು. ಕಣದ ಪೂಜೆಯಿಂದ ಕೊನೆಯ ರಾಶಿ ಎತ್ತುವವರೆಗೆ ಸ್ಕೇಟು ಆ ಕಡೆ ಸುಳಿಯಬಾರದು. ಆಮೇಲೆ ಹುಡುಗಿಯರು ಕಣ ತೊಳೆದು ಆಡಿಕೊಳ್ಳಲಿ. ಮುಂದಿನ ಪೂಜೆಗೆ ಸಗಣಿ ನೀರು ಹಾಕಿ ಸಾರಿಸಿ ಕೊಡುವುದೂ ಅವರದೇ. ಆದರೆ ಹೊಸ ಕಣದಲ್ಲಿ ಮೊದಲು ಬೀಳಬೇಕಾದದ್ದು ರಾಗಿ, ಚಕ್ರವಲ್ಲ. ಅಂದರೆ ಶಿವರಾತ್ರಿಯವರೆಗೆ ಕಾಯಬೇಕು.

ದೀಪಾವಳಿಯಿಂದ ಶಿವರಾತ್ರಿಗೆ ನಾಲ್ಕು ತಿಂಗಳು. ಹುಡುಗಿಯರು ಚದುರಿಹೋಗಲು ಸಾಕು ಎಂದಿದ್ದರಲ್ಲ, ಸರಿಯಾಗಿ ಅಷ್ಟೇ. ಅವರಿಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಎದುರು ನಿಂತಿದ್ದರು. ಹಿಂದೆ ಗೋಡೆ, ಬಿಟ್ಟುಕೊಡಲು ಪಕ್ಕವೂ ಉಳಿದಿರಲಿಲ್ಲ. ಬೇರೆಯವರಾಗಿದ್ದರೆ ಆಗ ಕೈ ಮುಗಿಯುತ್ತಿದ್ದರು. ಇವರು ನನ್ನ ಎದೆಯ ಕಡೆಗೇ ನೋಡುತ್ತಾ ನಿಂತರು. ಆರು ವರ್ಷದಲ್ಲಿ ಅವರ ಕೂದಲು ಪೂರ್ತಿ ಬೆಳ್ಳಗಾಗಿದ್ದನ್ನು ನಾನು ಗಮನಿಸಿದ್ದು ಆಗಲೇ.

ಮರುದಿನ ಸಾಹುಕಾರರಿಗೆ, ಹಿಂದಿನ ಗೋಡೆ ಸರ್ಕಾರಿ ಕಾಲುವೆಗೆ ಒತ್ತಿಕೊಂಡ ಹಾಗಿದೆ, ಎಲ್ಲೆ ಗುರುತಿಸುವ ಹದ್ದುಬಸ್ತು ಸರ್ವೆ ಮಾಡಿಸದೆ ಮಾರಿದರೆ ನಾಳೆ ಗಿರಾಕಿ ನಿಮ್ಮ ಕುತ್ತಿಗೆ ಹಿಡಿಯುತ್ತಾರೆ ಎಂದೆ. ಸುಳ್ಳೇನಲ್ಲ, ಗೋಡೆ ನಿಜಕ್ಕೂ ಅನುಮಾನದಲ್ಲೇ ಇತ್ತು. ಆರು ವರ್ಷದಿಂದ ಅನುಮಾನದಲ್ಲಿದ್ದದ್ದು ಅವತ್ತೇ ನನ್ನ ನೆನಪಿಗೆ ಬಂತು ಅಷ್ಟೇ. ಸಾಹುಕಾರರು ಬೈದುಕೊಂಡೇ ಅರ್ಜಿಗೆ ಸಹಿ ಹಾಕಿದರು. ಅರ್ಜಿಗಳ ಸರದಿಯಲ್ಲಿ ನಮ್ಮದೂ ನಿಂತಿತು. ಸಂಕ್ರಾಂತಿ ಕಳೆದು ಅಳತೆಯಾಗಿ, ಕಾಗದ ಕೈಸೇರುವ ಹೊತ್ತಿಗೆ ಶಿವರಾತ್ರಿ. ಗಿರಾಕಿ ಕಾದರು. ನನ್ನ ಮೇಲೆ ಸಾಹುಕಾರರಿಗೆ ಅನುಮಾನ ಬಂದಿರಬೇಕು, ಆ ವರ್ಷ ನನ್ನ ಜೊತೆ ಸರಿಯಾಗಿ ಮಾತನಾಡಲಿಲ್ಲ. ಎಷ್ಟೋ ಜನರನ್ನು ಎಬ್ಬಿಸಿದ್ದ ನಾನು ಒಬ್ಬರನ್ನು ನಾಲ್ಕು ತಿಂಗಳು ಕೂರಿಸಿದ್ದಕ್ಕೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ. ಹವಾಲ್ದಾರರಿಗೆ ನಾನಿದನ್ನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಶಿವರಾತ್ರಿಯ ಮರುವಾರ ಅವರೇ ಆಫೀಸಿಗೆ ಬಂದು ಶೆಡ್ಡಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ನೆಲ ಗುಡಿಸಿ ಒರೆಸಿದ್ದೇವೆ ಎಂದರು. ಒಡೆಯುವ ನೆಲವನ್ನು ಯಾಕೆ ಒರೆಸಿದಿರಿ ಎಂದು ಕೇಳಲು ಹೋದವನು ಬೀಗದ ಕೈಯನ್ನು ಡ್ರಾಯರಿಗೆ ಹಾಕಿದೆ. ಬಾಗಿಲ ತನಕ ಹೋದವರು, ನಾಳೆ ಮಧ್ಯಾಹ್ನ ಕಣದ ಹತ್ತಿರ ಊಟ ಇದೆ, ಬನ್ನಿ ಎಂದು ಹೇಳಿ ಹೋದರು.

ಹೋಗಲೋ ಬೇಡವೋ ಎಂದು ಬಸ್ಸು ಹತ್ತುವವರೆಗೂ ಯೋಚಿಸಿದೆ. ಆ ಊರಿನವರ ಕಣ್ಣಿಗೆ ನಾನು ಶೆಡ್ಡು ಕಿತ್ತುಕೊಂಡವನು. ಕಣದ ಪಕ್ಕದ ಹುಣಸೆ ಮರದ ಕೆಳಗೆ ಎಲೆ ಹಾಕುತ್ತಿದ್ದರು. ಕಣದ ನಡುವೆ ಅರಿಶಿನ ಕುಂಕುಮ ಬಳಿದುಕೊಂಡ ಮೇಟಿ, ಬುಡದಲ್ಲಿ ಇನ್ನೂ ಒಂದಿಷ್ಟು ರಾಗಿ ಕಾಳು. ಹುಡುಗಿಯರು ನುಗ್ಗಿ ಬರುತ್ತಿದ್ದರು, ಹವಾಲ್ದಾರರು ಮೇಟಿಯನ್ನು ಬಳಸಿಕೊಂಡು ಹಿಂದುಮುಂದಾಗಿ ಜಾರುತ್ತಿದ್ದರು. ನಾನು ಕಣದ ಅಂಚಿಗೆ ಬಂದು, ಯಾರೂ ಹೇಳದೆಯೇ ಚಪ್ಪಲಿ ಬಿಟ್ಟೆ. ನನ್ನನ್ನು ಕಂಡು ಹುಡುಗಿಯರು ಒಬ್ಬೊಬ್ಬರಾಗಿ ನಿಂತರು. ಹವಾಲ್ದಾರರ ಬೆನ್ನು ನನ್ನ ಕಡೆಗಿತ್ತು. ಹುಡುಗಿಯರ ಮುಖಗಳನ್ನು ಒಂದು ಗಳಿಗೆ ನೋಡಿದರು. ತಿರುಗಲಿಲ್ಲ. ಮರದ ಕೆಳಗಿದ್ದ ಅನಸೂಯಳಿಗೆ ಕೇಳುವಂತೆ, ಎಂದಿನ ದನಿಯಲ್ಲೇ ಹೇಳಿದರು:

"ನಮ್ಮೋರು ಬಂದ್ರು ಕಣಮ್ಮ. ಇನ್ನೊಂದು ಎಲೆ ಹಾಕು."

ಜಗುಲಿಯ ಮೇಲಿದ್ದ ಆ ಯಜಮಾನರಿಗೆ "ಪರಿಚಯ" ಅಂದೆನಲ್ಲ, ಸುಳ್ಳು ಹೇಳಿದೆ.